ತಮ್ಮನ ಹಾಸಿಗೆ ಕೆಳಗೆ ತನ್ನಿ

ಸೇಡಂ ಕಡೆಯಿಂದ ಬರೆದ ತಂಗಿ,

ನಿಮ್ಮ ಪತ್ರದಲ್ಲಿ ಫೋನ್ ನಂಬರ್ ಇರಲಿಲ್ಲ. ಇದ್ದಿದ್ದರೆ ಓದಿದ ಕೂಡಲೇ ಫೋನ್ ಮಾಡುತ್ತಿದ್ದೆ. ಸರದಿಯಲ್ಲಿದ್ದ ಬೇರೆ ಪತ್ರಗಳನ್ನು ಪಕ್ಕಕ್ಕಿಟ್ಟು ಮೊದಲು ನಿಮಗೆ ಬರೆಯುತ್ತಿದ್ದೇನೆ.

ಉಳಿದ ಓದುಗರಿಗೆ ವಿಷಯ ಇಷ್ಟು. ಪತ್ರ ಬರೆದ ಈ ತಂಗಿಯ ತಮ್ಮನಿಗೆ 26 ವರ್ಷ. ಲಾರಿಗೆ ಫರ್ಸಿ ಕಲ್ಲು ತುಂಬುವ ಕೆಲಸ. ಸೊಂಟ ನೋವಿಗೆ ಅಂತ ಯಾರೋ ಕೊಟ್ಟ ಗುಳಿಗೆ ಚಟವಾಯಿತು. ಅದರ ಮೇಲೆ ಸೇಂದಿ. ಮೂರು ತಿಂಗಳು ವ್ಯಸನಮುಕ್ತಿ ಕೇಂದ್ರದಲ್ಲಿದ್ದು, ಮನೆಗೆ ಬಂದು ಇಪ್ಪತ್ತು ದಿನ ಆಗಿದೆ. ಮುಂದಿನ ತಿಂಗಳು ಮನೆಯಲ್ಲಿ ಮದುವೆ ನಿಶ್ಚಯ. ಬೀಗರ ಕಣ್ಣಿಗೆ ಬೀಳಬಾರದು ಅಂತ ಚಿಕ್ಕಪ್ಪ ಅವನನ್ನು ಮಾಳಿಗೆ ಮೇಲಿನ ಕೋಣೆಗೆ ಹಾಕಿದ್ದಾರೆ. ಅವನು ಕೇಂದ್ರದಲ್ಲಿದ್ದದ್ದನ್ನು ಬೀಗರಿಗೆ ಹೇಳಬೇಕೋ ಬೇಡವೋ? ಇದು ನಿಮ್ಮ ಪ್ರಶ್ನೆ.

ನಾಲ್ಕು ಪುಟ ಬರೆದಿದ್ದೀರಿ. ಮೂರನೇ ಪುಟದ ಕೆಳಗೆ ಒಂದೇ ಒಂದು ಸಾಲು: "ಮೊನ್ನೆ ರಾತ್ರಿ ಊಟ ಕೊಡಲು ಹೋದರೆ ಜೋರಾಗಿ ಗೊರಕೆ ಹೊಡೆಯುತ್ತಿದ್ದ, ಅಲುಗಾಡಿಸಿದರೂ ಏಳಲಿಲ್ಲ, ಚಳಿಗೆ ತುಟಿ ಕಪ್ಪಾಗಿತ್ತು, ದುಪ್ಪಟಿ ಹೊದಿಸಿ ಬಂದೆ." ಅದರ ಮುಂದಿನ ಸಾಲಿಗೇ ಬಂಗಾರದ ಮಾತು ಶುರುವಾಗುತ್ತದೆ.

ತಂಗಿ, ನಮ್ಮ ಸೀಮೆಯಲ್ಲಿ ತುಟಿ ಕಪ್ಪಾಗುವಂಥ ಚಳಿ ಯಾವಾಗ ಬಿದ್ದಿತ್ತು? ನೀವು ಬರೆದದ್ದನ್ನು ನೋಡಿದರೆ ಆ ರಾತ್ರಿ ಅವನಿಗೆ ಉಸಿರು ಸಾಲುತ್ತಿರಲಿಲ್ಲ. ಗುಳಿಗೆ ಜಾಸ್ತಿಯಾದಾಗ ಮಿದುಳು ಉಸಿರಾಡುವುದನ್ನೇ ಮರೆಯುತ್ತಾ ಹೋಗುತ್ತದೆ. ಗಂಟಲು ಸಡಿಲಾಗಿ ಗೊರಕೆಯಂಥ, ಗೊರಗೊರ ಸದ್ದು ಬರುತ್ತದೆ. ತುಟಿ, ಉಗುರು ನೀಲಿ ಇಲ್ಲವೇ ಕಪ್ಪಾಗುತ್ತವೆ. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಸಣ್ಣದಾಗುತ್ತದೆ. ಬೆಳಿಗ್ಗೆ ಎದ್ದು ಚಹಾ ಕುಡಿದ ಅಂತ ಬರೆದಿದ್ದೀರಿ. ಅದನ್ನು ಓದುವವರೆಗೆ ನಾನು ಉಸಿರು ಬಿಗಿಹಿಡಿದು ಕೂತಿದ್ದೆ.

ಕೇಂದ್ರದಿಂದ ಬಂದವನು ವಾಸಿಯಾದ ಅಂತ ಮನೆಯವರು ನಿರಾಳವಾಗುತ್ತಾರೆ. ಜೀವಕ್ಕೆ ಅಪಾಯ ಜಾಸ್ತಿ ಇರುವುದು ಆ ಮೊದಲ ವಾರಗಳಲ್ಲೇ. ನಿಮ್ಮ ತಮ್ಮನ ಕೆಲಸವನ್ನೇ ನೋಡಿ. ದಿನಾ ಕಲ್ಲು ಹೊರುವವನ ಬೆನ್ನಿಗೆ ಆ ಭಾರ ಗೊತ್ತಿರುತ್ತದೆ. ಮೂರು ತಿಂಗಳು ಮಲಗಿ ಎದ್ದವನು ಮೊದಲ ದಿನವೇ ಅದೇ ಕಲ್ಲು ಎತ್ತಿದರೆ? ಮೈಗೆ ಗುಳಿಗೆ ತಡೆಯುವ ಶಕ್ತಿ ಈಗ ಇಲ್ಲ. ಮೊದಲು ನುಂಗುತ್ತಿದ್ದಷ್ಟೇ ಈಗ ನುಂಗಿದರೂ ಪ್ರಾಣ ಹೋಗಬಹುದು. ಅದರ ಜೊತೆ ಸೇಂದಿ ಸೇರಿದರೆ ಇನ್ನೂ ಕೆಟ್ಟದ್ದು. ತೆಲಂಗಾಣ ಗಡಿಯ ನಮ್ಮ ಊರುಗಳಲ್ಲಿ ಸೇಂದಿಗೆ ಸಿಎಚ್ ಪೌಡರ್ ಬೆರೆಸುವುದು ಯಾರಿಗೆ ಗೊತ್ತಿಲ್ಲ? ಕ್ಲೋರಲ್ ಹೈಡ್ರೇಟ್ ಅದು. ನಿದ್ದೆ ಗುಳಿಗೆಯ ಪುಡಿಯನ್ನೂ ಹಾಕುತ್ತಾರೆ. ಎಲ್ಲವೂ ಉಸಿರನ್ನೇ ಹಿಡಿಯುತ್ತವೆ.

ನಿಮ್ಮ ಚಿಕ್ಕಪ್ಪನ ಮೇಲೆ ನನಗೆ ಸಿಟ್ಟು ಬಂದಿದೆ. "ಇನ್ನೊಮ್ಮೆ ಮುಟ್ಟಿದರೆ ಮನೆಯಿಂದ ಹೊರಗೆ" ಅಂದಿದ್ದಾರಂತೆ. ಆ ಮಾತಿನಿಂದ ಹುಡುಗ ಗುಳಿಗೆ ಬಿಡಲಿಲ್ಲ, ಮನೆಯವರಿಗೆ ಹೇಳುವುದನ್ನು ಬಿಟ್ಟ. ಒಳಗಿನಿಂದ ಚಿಲಕ ಹಾಕಿಕೊಂಡ. ಚಿಲಕದ ಹಿಂದೆ ಒಬ್ಬನೇ ನುಂಗಿದವನನ್ನು ಯಾರು ಉಳಿಸುತ್ತಾರೆ? ಚಿಕ್ಕಪ್ಪ ಮಾನ ಉಳಿಸಲು ಹೊರಟಿದ್ದಾರೆ. ಆದರೆ ನಿಶ್ಚಯದ ಮನೆಯಲ್ಲಿ ಹೆಣ ಎತ್ತುವ ಹೊತ್ತು ಬಂದರೆ ಯಾವ ಮಾನ ಉಳಿಯುತ್ತದೆ? ಒರಟಾಗಿ ಬರೆದೆ, ಕ್ಷಮಿಸಿ. ಈ ಸಾಲನ್ನು ಅವರಿಗೂ ಓದಿ ಹೇಳಿ.

ನನ್ನದು ಒಂದೇ ಮಾತು. ಇವತ್ತು ರಾತ್ರಿ ತಮ್ಮನ ಹಾಸಿಗೆಯನ್ನು ಪಡಸಾಲೆಗೆ ತನ್ನಿ. ಅವ್ವ ಮಲಗುವ ಕಡೆಯೇ ಅವನೂ ಮಲಗಲಿ. ನಾಳೆ ಬಡಿಗೇರನನ್ನು ಕರೆಸಿ ಬಚ್ಚಲುಮನೆಯ ಒಳಚಿಲಕವನ್ನೂ ತೆಗೆಸಿ.

ಮತ್ತೆ ಆ ಗೊರಕೆ ಕೇಳಿದರೆ ಹೆಸರು ಕೂಗಿ, ಭುಜ ಹಿಡಿದು ಅಲ್ಲಾಡಿಸಿ. ಏಳದಿದ್ದರೆ 108ಕ್ಕೆ ಫೋನ್ ಮಾಡಿ. ಉಸಿರು ಸರಿಯಾಗಿ ಆಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ, ವಾಂತಿ ಗಂಟಲಿಗೆ ಸಿಕ್ಕಬಾರದು. ಉಸಿರು ನಿಂತಿದ್ದರೆ, ಇಲ್ಲವೇ ತೀರ ಅಪರೂಪಕ್ಕೆ ಬರುತ್ತಿದ್ದರೆ, ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿ ಇಟ್ಟು ಐದು ಸೆಕೆಂಡಿಗೊಮ್ಮೆ ಉಸಿರು ತುಂಬಿ. ಮಜ್ಜಿಗೆ, ಲಿಂಬೆ ರಸ, ಉಪ್ಪು ನೀರು ಯಾವುದನ್ನೂ ಹೊಯ್ಯಬೇಡಿ. ಎಚ್ಚರ ಇಲ್ಲದವನಿಗೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಆಸ್ಪತ್ರೆಯಲ್ಲಿ ಏನು ನುಂಗಿದ್ದ ಅಂತ ಮುಚ್ಚಿಡಬೇಡಿ, ಗುಳಿಗೆಯ ಖಾಲಿ ಪಟ್ಟಿ ಸಿಕ್ಕರೆ ಒಯ್ಯಿರಿ. ಅಫೀಮಿನ ಜಾತಿಯ ನೋವಿನ ಗುಳಿಗೆಯಾಗಿದ್ದರೆ ನಾಲೊಕ್ಸೋನ್ ಎಂಬ ಇಂಜೆಕ್ಷನ್ ಕೆಲವೇ ನಿಮಿಷಗಳಲ್ಲಿ ಉಸಿರು ಮರಳಿಸುತ್ತದೆ. ಸಿಎಚ್ ಪೌಡರಿಗೆ ಅದು ನಾಟುವುದಿಲ್ಲ. ನಾಲೊಕ್ಸೋನ್ ಗುಣ ಒಂದೂವರೆ ಗಂಟೆಯೊಳಗೆ ಇಳಿದುಬಿಡಬಹುದು, ಆದ್ದರಿಂದ ಎದ್ದು ಕೂತ ಅಂತ ಕೂಡಲೇ ಮನೆಗೆ ಕರೆತರಬೇಡಿ.

ಈ ಔಷಧವನ್ನು ಮನೆಮಂದಿಯ ಕೈಗೂ ಕೊಡಿ, ಬಳಸಲು ಕಲಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ. ಅಮೆರಿಕದಲ್ಲಿ 2023ರಿಂದ ಇದರ ಮೂಗಿನ ಸ್ಪ್ರೇ ಡಾಕ್ಟರ್ ಚೀಟಿ ಇಲ್ಲದೆ ಅಂಗಡಿಯಲ್ಲಿ ಸಿಗುತ್ತದೆ. ನಮ್ಮಲ್ಲಿ ಮಾದಕ ವಸ್ತು ವಿರೋಧಿ ದಿನ, ಜೂನ್ 26 ಬಂದರೆ ಶಾಲೆ ಮಕ್ಕಳ ಜಾಥಾ, ಘೋಷಣೆ, ಪ್ರತಿಜ್ಞೆ. ನಾನು ಎಷ್ಟು ಸಲ ಬರೆದಿದ್ದೇನೋ, ಮತ್ತೆ ಬರೆಯುತ್ತೇನೆ: ಆ ಮೆರವಣಿಗೆಯ ಕೊನೆಗೆ ಹತ್ತು ನಿಮಿಷ, ಉಸಿರು ನಿಂತವನಿಗೆ ಏನು ಮಾಡಬೇಕು ಅಂತ ಜನಕ್ಕೆ ತೋರಿಸಿ.

ಪೊಲೀಸ್ ಕೇಸ್ ಆಗುತ್ತದೆ ಅಂತ ಹೆದರಿದ್ದೀರಿ. ತಾನಾಗಿ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಬರುವ ವ್ಯಸನಿಗೆ, ಸೇವನೆಯ ಪ್ರಕರಣದಲ್ಲಿ ಮಾದಕ ವಸ್ತುಗಳ ಬಗೆಗಿನ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ ಇದೆಯೇ ಕೇಳಿ, ಇಲ್ಲದಿದ್ದರೆ ಕಲಬುರಗಿಯ ಜಿಮ್ಸ್ ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದುಕೊಂಡು ಬನ್ನಿ. ಬುಪ್ರೆನಾರ್ಫಿನ್ ಎಂಬ ಔಷಧದ ಬಗ್ಗೆ ಡಾಕ್ಟರನ್ನು ಕೇಳಿ. ಅದು ಗುಳಿಗೆಯ ಆಸೆಯನ್ನು ಹಿಡಿತದಲ್ಲಿಡುತ್ತದೆ, ಸಾವಿನ ಅಪಾಯ ಇಳಿಸುತ್ತದೆ. ಒಂದು ಚಟ ಬಿಡಿಸಿ ಇನ್ನೊಂದು ಹಚ್ಚುತ್ತಾರೆ ಅಂತ ಚಿಕ್ಕಪ್ಪ ಅಂದರೆ ಕೇಳಬೇಡಿ. ಸೇಂದಿಯನ್ನು ಮಾತ್ರ ಮನೆಯಲ್ಲೇ ಒಮ್ಮೆಗೇ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ಅದನ್ನೂ ಡಾಕ್ಟರಿಗೆ ಹೇಳಿ. ಅಲ್ಲಿಯವರೆಗೆ ಮಾತಾಡಲು ಯಾರಾದರೂ ಬೇಕೆನಿಸಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416, ವ್ಯಸನದ ಸಹಾಯವಾಣಿ 14446.

ಇನ್ನು ಬೀಗರ ಪ್ರಶ್ನೆ. ತಮ್ಮನನ್ನು ಕೇಳಿ, ಅವನು ಒಪ್ಪಿದರೆ ಹೇಳಿ. ಚಿಕಿತ್ಸೆ ನಡೆದಿದೆ ಅಂದರೆ ಸಾಕು.

ಮುಂದಿನ ಪತ್ರದಲ್ಲಿ ಫೋನ್ ನಂಬರ್ ಬರೆಯಿರಿ. ಹಾಸಿಗೆ ಕೆಳಗೆ ಬಂತೋ ಇಲ್ಲವೋ, ಅದೊಂದು ತಿಳಿಸಿ.