‘ಸೈಕೋ’: ಚಾಕು ಬಿದ್ದಿದ್ದು ಕರಬೂಜಕ್ಕೆ

ಪ್ರಶ್ನೆ: ಹಿಚ್‌ಕಾಕ್ ಅವರ ‘ಸೈಕೋ’ (1960) ಮತ್ತೆ ನೋಡಿದೆ. ಶವರ್ ಕೆಳಗಿನ ಕೊಲೆಯಲ್ಲಿ ಚಾಕು ಮೈಗೆ ತಾಗೋದೇ ಇಲ್ಲ ಅಂತಾರೆ. ಮತ್ತೆ ಅಷ್ಟು ಭಯ ಯಾಕಾಗುತ್ತೆ? (ಶಿವಮೊಗ್ಗದಿಂದ ಒಬ್ಬ ಓದುಗರು)

ಉತ್ತರ: ತಾಗೋದೇ ಇಲ್ಲ ಅನ್ನುವುದು ಪೂರ್ತಿ ನಿಜವಲ್ಲ. ನಿಧಾನಕ್ಕೆ ಓಡಿಸಿ ನೋಡಿ. ಒಂದು ಶಾಟ್‌ನಲ್ಲಿ ಚಾಕುವಿನ ತುದಿ ಹೊಟ್ಟೆಗೆ ಒತ್ತಿಕೊಂಡಿರುವುದು ಕಾಣುತ್ತದೆ. ಗಾಯ ಮಾತ್ರ ಎಲ್ಲೂ ಕಾಣುವುದಿಲ್ಲ. ಇರಿತದ ಭಾಗ ಒಂದು ನಿಮಿಷವೂ ಇಲ್ಲ. ಆದರೂ ಈ ದೃಶ್ಯಕ್ಕೆ 1959ರ ಡಿಸೆಂಬರ್‌ನಲ್ಲಿ ಸುಮಾರು ಒಂದು ವಾರ ಶೂಟಿಂಗ್ ಮಾಡಿದರು. ಆ ಚೂರುಪಾರು ಶಾಟ್‌ಗಳನ್ನು ಸಂಕಲನಕಾರ ಜಾರ್ಜ್ ಟೊಮಾಸಿನಿ ಒಂದರ ಹಿಂದೊಂದು ಎಷ್ಟು ಬೇಗ ಜೋಡಿಸಿದ್ದಾರೆಂದರೆ, ಏನು ನೋಡಿದೆವು ಅಂತ ತಿಳಿಯುವ ಮೊದಲೇ ಮುಂದಿನದು ಬಂದಿರುತ್ತದೆ. ಕಾಣದ್ದನ್ನು ನಾವೇ ತುಂಬಿಕೊಳ್ಳುತ್ತೇವೆ.

ಶವರ್ ನೇರವಾಗಿ ನಮ್ಮ ಕಡೆಗೇ ನೀರು ಸುರಿಸುವ ಶಾಟ್ ನೆನಪಿದೆಯಲ್ವಾ? ಲೆನ್ಸ್ ಒದ್ದೆಯಾಗಬೇಕಿತ್ತು, ಆಗಲಿಲ್ಲ. ಕ್ಯಾಮೆರಾವನ್ನು ದೂರ ಇಟ್ಟು ಉದ್ದದ ಲೆನ್ಸ್ ಹಾಕಿದರು. ಶವರ್‌ನ ನಡುವಿನ ತೂತುಗಳನ್ನು ಮುಚ್ಚಿಬಿಟ್ಟರು. ನೀರು ಸುತ್ತಲಿನ ತೂತುಗಳಿಂದಷ್ಟೇ ಬಂದು ಕ್ಯಾಮೆರಾದ ಪಕ್ಕದಲ್ಲಿ ಹಾದುಹೋಯಿತು. ರಕ್ತವಾಗಿದ್ದು ಚಾಕೊಲೇಟ್ ಸಿರಪ್. ಚಿತ್ರ ಕಪ್ಪು ಬಿಳುಪಾದ್ದರಿಂದ ನಡೆಯಿತು.

ಆದರೆ ನನ್ನನ್ನು ಕೇಳಿದರೆ, ಅರ್ಧಕ್ಕಿಂತ ಜಾಸ್ತಿ ಭಯ ಬರುವುದು ಕಿವಿಯಿಂದ. ಚಾಕು ಇರಿಯುವ ಸದ್ದಿಗಾಗಿ ಮೇಜಿನ ಮೇಲೆ ಬಗೆಬಗೆಯ ಕರಬೂಜ ಜೋಡಿಸಿ, ಒಂದೊಂದಕ್ಕೂ ಚಾಕು ಹಾಕಿಸಿದರು. ಹಿಚ್‌ಕಾಕ್ ಕಣ್ಣು ಮುಚ್ಚಿ ಕೇಳುತ್ತಾ ಕೂತಿದ್ದರಂತೆ. ಕೊನೆಗೆ ‘ಕಸಾಬಾ’ ಜಾತಿಯದನ್ನು ಆರಿಸಿದರು. ಅದರ ತಿರುಳು ಗಟ್ಟಿ, ಸದ್ದು ಪೊಳ್ಳಾಗಿ ಬರುವುದಿಲ್ಲ.

ಇನ್ನು ಸಂಗೀತ. ಈ ದೃಶ್ಯಕ್ಕೆ ಸಂಗೀತವೇ ಬೇಡ ಅಂದಿದ್ದರು ನಿರ್ದೇಶಕರು. ಸಂಗೀತ ಸಂಯೋಜಕ ಬರ್ನಾರ್ಡ್ ಹರ್ಮನ್ ಆ ಮಾತು ಕೇಳದೆ ಬರೆದರು. ಇಡೀ ಚಿತ್ರಕ್ಕೆ ಅವರು ಬಳಸಿದ್ದು ತಂತಿವಾದ್ಯಗಳು ಮಾತ್ರ. ಡ್ರಮ್ ಇಲ್ಲ, ತುತ್ತೂರಿ ಇಲ್ಲ. ಪಿಟೀಲುಗಳು ಕಿರುಚುವುದನ್ನು ಕೇಳಿದ ಮೇಲೆ ಹಿಚ್‌ಕಾಕ್ ತಮ್ಮ ಮಾತನ್ನು ಸುಮ್ನೆ ಹಿಂದಕ್ಕೆ ತಗೊಂಡರು. ದೊಡ್ಡ ನಿರ್ದೇಶಕರಿಗೆ ಇದು ಅಷ್ಟು ಸುಲಭವಲ್ಲ.

ಚಿತ್ರ ನೋಡದವರು ಮುಂದಿನ ಸಾಲು ಬಿಟ್ಟುಬಿಡಿ: ಆ ಕೊಲೆಯ ಶೂಟಿಂಗ್ ನಡೆಯುವಾಗ ಕೊಲೆಗಾರನ ಪಾತ್ರ ಮಾಡಿದ ಆಂಥೊನಿ ಪರ್ಕಿನ್ಸ್ ಸೆಟ್‌ನಲ್ಲೇ ಇರಲಿಲ್ಲ, ನ್ಯೂಯಾರ್ಕ್‌ನಲ್ಲಿ ನಾಟಕದ ತಾಲೀಮಿನಲ್ಲಿದ್ದರು.

ಪ್ರಶ್ನೆ: ಪತ್ತೇದಾರ ಮೆಟ್ಟಿಲು ಹತ್ತುವ ದೃಶ್ಯವನ್ನು ಬೇರೆಯವರು ತೆಗೆದಿದ್ದರಂತೆ, ಹೌದಾ? (ಮೈಸೂರಿನಿಂದ)

ಉತ್ತರ: ತೆಗೆದಿದ್ದರು, ಆದರೆ ಅದು ಚಿತ್ರದಲ್ಲಿ ಉಳಿಯಲಿಲ್ಲ. ಆ ದಿನ ಹಿಚ್‌ಕಾಕ್‌ಗೆ ಜ್ವರ. ಚಿತ್ರದ ಶೀರ್ಷಿಕೆ ವಿನ್ಯಾಸಕ ಸಾಲ್ ಬಾಸ್ ಬಿಡಿಸಿಕೊಟ್ಟ ಚಿತ್ರಗಳ ಪ್ರಕಾರ ಸಹಾಯಕರು ಶೂಟ್ ಮಾಡಿದರು. ಕಂಬಿ ಹಿಡಿದ ಕೈ, ಮೆಟ್ಟಿಲ ಮೇಲೆ ಕಾಲು, ಹೀಗೆ ಬಿಡಿಬಿಡಿ ಶಾಟ್‌ಗಳು. ನೋಡಲು ಚೆನ್ನಾಗಿಯೇ ಇದ್ದವು. ಹಿಚ್‌ಕಾಕ್ ಒಪ್ಪಲಿಲ್ಲ. ಹಾಗೆ ತೋರಿಸಿದರೆ ಹತ್ತುತ್ತಿರುವವನೇ ಏನೋ ಕೆಡುಕು ಮಾಡಲು ಹೊರಟ ಹಾಗೆ ಕಾಣುತ್ತಾನೆ, ಇವನು ಪಾಪದವನು ಅಂದರು. ಸರಳವಾಗಿ ಅವನು ಹತ್ತುವುದನ್ನಷ್ಟೇ ತೋರಿಸಿದರು. ಆಮೇಲೆ ತಟ್ಟನೆ ಕ್ಯಾಮೆರಾ ಮೇಲಿನಿಂದ ನೋಡುತ್ತದೆ. ಕೊಲೆಗಾರರ ಮುಖ ಅಡಗಿಸಲು ಅದೇ ದಾರಿ. ಈ ಚಿತ್ರದಲ್ಲಿ ನಾನು ಹೆಚ್ಚು ಮೆಚ್ಚುವ ನಿರ್ಧಾರ ಇದು, ಶವರ್ ದೃಶ್ಯಕ್ಕಿಂತಲೂ.

ಚಾಕು ಇರಿತಕ್ಕೆ ಸಿಕ್ಕಿ ಪತ್ತೇದಾರ ಮೆಟ್ಟಿಲಿನಿಂದ ಉರುಳುವ ಶಾಟ್‌ನಲ್ಲಿ ನಟ ಮಾರ್ಟಿನ್ ಬಾಲ್ಸಮ್ ಬೀಳುತ್ತಲೇ ಇಲ್ಲ. ಕುರ್ಚಿಯಲ್ಲಿ ಕೂತು ಕೈ ಬೀಸುತ್ತಿದ್ದಾರೆ. ಹಿಂದಿನ ಪರದೆಯ ಮೇಲೆ ಮೊದಲೇ ತೆಗೆದಿಟ್ಟ ಮೆಟ್ಟಿಲುಗಳು ಓಡುತ್ತಿವೆ.

ಪ್ರಶ್ನೆ: ತಡವಾಗಿ ಬಂದವರನ್ನು ಥಿಯೇಟರ್ ಒಳಗೆ ಬಿಡುತ್ತಿರಲಿಲ್ಲವಂತೆ. ಸುಮ್ನೆ ಪ್ರಚಾರವಾ? (ಹುಬ್ಬಳ್ಳಿಯಿಂದ)

ಉತ್ತರ: ಪ್ರಚಾರವೂ ಹೌದು, ಕಾರಣವೂ ಇತ್ತು. ಆಗ ಅಮೆರಿಕದಲ್ಲಿ ಜನ ಚಿತ್ರದ ನಡುವೆ ಬಂದು ಕೂರುವುದು ಮಾಮೂಲು. ಇಲ್ಲಿ ಸ್ಟಾರ್ ನಟಿ ಜಾನೆಟ್ ಲೀ ಅರ್ಧ ಚಿತ್ರ ಮುಗಿಯುವ ಮೊದಲೇ ಸಾಯುತ್ತಾರೆ. ತಡವಾಗಿ ಬಂದವರು ಕೊನೆಯವರೆಗೂ ‘ಎಲ್ಲಿ ಆಕೆ?’ ಅಂತ ಕಾಯುತ್ತಾ ಕೂರಬೇಕಾಗುತ್ತಿತ್ತು.