ಟ್ರಾವೆಲ್ ಟ್ರೇಲರ್‌ಗೆ 2000 ವ್ಯಾಟ್ ಇನ್ವರ್ಟರ್ ಸಾಕೇ, 3000 ಬೇಕೇ?

ಬ್ಯಾಟರಿಗಳು ಟ್ರೇಲರಿನ (ಕಾರಿಗೆ ಕಟ್ಟಿ ಎಳೆಯುವ ಮನೆಗಾಡಿಯ) ಮುಂದಿನ ಕೊಂಡಿಯ ಚೌಕಟ್ಟಿನ ಮೇಲಿವೆ, ಇನ್ವರ್ಟರನ್ನು ಹಿಂಬದಿಯ ಮಂಚದ ಕೆಳಗೆ, ಮೈಕ್ರೋವೇವ್‌ಗೆ ಹತ್ತಿರವಾಗಿ ಇಡುವ ಯೋಚನೆಯಿದೆ ಎಂದು ನೀವು ಬರೆದಿರುವ ಸಾಲನ್ನು ಓದಿದ ಕೂಡಲೇ ಈ ಉತ್ತರ ಬರೆಯಲು ಕುಳಿತೆ. ನಾಲ್ಕು ವರ್ಷಗಳ ಹಿಂದೆ ನಾನೂ ಇದೇ ಜಾಗವನ್ನು ಇದೇ ಕಾರಣಕ್ಕಾಗಿ ಆರಿಸಿಕೊಂಡಿದ್ದೆ. ನಿಮ್ಮಲ್ಲಿರುವಂತೆಯೇ 100 ಆಂಪಿಯರ್-ಗಂಟೆಯ ಎರಡು ಸೀಸ-ಆಮ್ಲ ಬ್ಯಾಟರಿಗಳು ನನ್ನಲ್ಲೂ ಇದ್ದವು, ಇನ್ವರ್ಟರ್ 2000 ವ್ಯಾಟಿನದು.

ಬ್ಯಾಟರಿಯಿಂದ ಬರುವುದು ಬರೀ 12 ವೋಲ್ಟ್, ಮುಟ್ಟಿದರೂ ಷಾಕ್ ಹೊಡೆಯುವುದಿಲ್ಲ, ಆದ್ದರಿಂದ ಅದನ್ನು ಎಷ್ಟು ದೂರ ಒಯ್ದರೂ ತೊಂದರೆಯಿಲ್ಲ, ಇನ್ವರ್ಟರಿನಿಂದ ಹೊರಬರುವ, ಮನೆಯ ವಿದ್ಯುತ್ತಿನಂಥ ಅಪಾಯವಿರುವ ಎಸಿ ತಂತಿಯನ್ನು ಮಾತ್ರ ಚಿಕ್ಕದಾಗಿ ಇಟ್ಟುಕೊಳ್ಳಬೇಕು ಎಂಬುದು ನನ್ನ ಆಗಿನ ತಿಳಿವಳಿಕೆ. ಹಾಗಾಗಿ ಟ್ರೇಲರಿನ ತಳದಲ್ಲಿ ಐದು ಮೀಟರ್ ಉದ್ದಕ್ಕೆ 16 ಚದರ ಮಿಲಿಮೀಟರ್ ದಪ್ಪದ ತಾಮ್ರದ ಕೇಬಲ್ ಎಳೆದೆ. ಕೈಯಲ್ಲಿ ಹಿಡಿದಾಗ ಅದು ಸಾಕಷ್ಟು ದಪ್ಪವಾಗಿಯೇ ಕಾಣುತ್ತಿತ್ತು. ಇನ್ವರ್ಟರಿನ ಕೈಪಿಡಿಯಲ್ಲಿ ಹೇಳಿದ್ದ 200 ಆಂಪಿಯರಿನ ಫ್ಯೂಸನ್ನು ಇನ್ವರ್ಟರಿನ ಪಕ್ಕದಲ್ಲಿಯೇ ಕೂರಿಸಿದೆ. ಲ್ಯಾಪ್‌ಟಾಪ್, ಫ್ಯಾನ್, ಕ್ಯಾಮೆರಾ ಚಾರ್ಜರ್ ಎಲ್ಲವೂ ಎರಡು ದಿನ ಸರಾಗವಾಗಿ ನಡೆದವು. ಮೂರನೆಯ ಸಂಜೆ ಮೈಕ್ರೋವೇವ್ ಹಾಕಿದೆ. ಅರ್ಧ ನಿಮಿಷವೂ ಆಗುವ ಮೊದಲೇ ಇನ್ವರ್ಟರ್ ಕಿರುಚಿಕೊಂಡು ನಿಂತುಹೋಯಿತು. ಅದರ ಪರದೆಯ ಮೇಲೆ ಬ್ಯಾಟರಿಯ ವೋಲ್ಟೇಜ್ ಕಡಿಮೆಯಾಗಿದೆ ಎಂಬ ಸೂಚನೆ ಇತ್ತು.

ಆ ಸೂಚನೆಯನ್ನು ನಾನು ಅಕ್ಷರಶಃ ನಂಬಿದೆ. ಬ್ಯಾಟರಿ ಸೋತಿದೆ ಎಂದುಕೊಂಡು ಎರಡು ಹೊಸ ಬ್ಯಾಟರಿ ತಂದೆ. ಮತ್ತೆ ಅದೇ ಕಿರುಚಾಟ. ಆಗ ಮಲ್ಟಿಮೀಟರ್ ಹಿಡಿದು ಇನ್ವರ್ಟರಿನ ತುದಿಯಲ್ಲಿ ಅಳೆದೆ, 12.7 ವೋಲ್ಟ್ ತೋರಿಸಿತು. ಹಾಗಾದರೆ ಬ್ಯಾಟರಿಯೂ ಸರಿಯಿದೆ, ಕೇಬಲ್ಲೂ ಸರಿಯಿದೆ, ಕೆಟ್ಟಿರುವುದು ಇನ್ವರ್ಟರೇ ಎಂದು ತೀರ್ಮಾನಿಸಿ, ಅದನ್ನು ತೆಗೆದು 3000 ವ್ಯಾಟಿನದನ್ನು ಹಾಕಿದೆ. ಅದೂ ನಿಂತಿತು. ಒಂದು ರಾತ್ರಿ ಮೈಕ್ರೋವೇವನ್ನು ಮತ್ತೆ ಮತ್ತೆ ಚಾಲೂ ಮಾಡಿ ನೋಡುತ್ತಿದ್ದಾಗ ಪ್ಲಾಸ್ಟಿಕ್ ಕರಗುವ ವಾಸನೆ ಬಂತು. ಹಾಸಿಗೆ ಎತ್ತಿ ನೋಡಿದರೆ ಧನ ತುದಿಯ ಲಗ್‌ನ (ಕೇಬಲಿನ ತುದಿಗೆ ಒತ್ತಿ ಕೂರಿಸುವ ಲೋಹದ ಬಳೆಯ) ಬುಡದಲ್ಲಿ ಕೇಬಲಿನ ಹೊದಿಕೆ ಮೆತ್ತಗಾಗಿ ಜಾರಿತ್ತು, ಅದರ ಕೆಳಗಿನ ಪ್ಲೈವುಡ್ ಕಂದು ಬಣ್ಣಕ್ಕೆ ತಿರುಗಿತ್ತು. ಅದೇ ಮಂಚದ ಮೇಲೆ ಮಕ್ಕಳು ಮಲಗುತ್ತಿದ್ದರು. ಅದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ.

ನಾನು ಎಡವಿದ್ದು ಎಲ್ಲಿ ಎಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಯೋಜನೆಯಲ್ಲಿ ಇರುವುದೂ ಇದೊಂದೇ ದೋಷ. ಮೈಕ್ರೋವೇವ್ 1450 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಇನ್ವರ್ಟರಿನಲ್ಲಿ ಆಗುವ ನಷ್ಟವನ್ನೂ ಸೇರಿಸಿದರೆ ಬ್ಯಾಟರಿಯ ಕಡೆಯಿಂದ ಸುಮಾರು 1650 ವ್ಯಾಟ್ ಬರಬೇಕು, ಅಂದರೆ 12 ವೋಲ್ಟಿನಲ್ಲಿ 137 ಆಂಪಿಯರ್. ಈ ಪ್ರವಾಹ ಐದು ಮೀಟರ್ ಹೋಗಿ ಐದು ಮೀಟರ್ ಹಿಂದಿರುಗಬೇಕಾದ್ದರಿಂದ ಲೆಕ್ಕಕ್ಕೆ ಬರುವ ಉದ್ದ ಹತ್ತು ಮೀಟರ್. ಹತ್ತು ಮೀಟರ್ ಉದ್ದದ, 16 ಚದರ ಮಿಲಿಮೀಟರಿನ ತಾಮ್ರದ ರೋಧ ಸುಮಾರು 0.011 ಓಮ್. ಕೇಳುವುದಕ್ಕೆ ಅದು ಏನೂ ಅಲ್ಲವೆನಿಸುತ್ತದೆ. ಆದರೆ 150 ಆಂಪಿಯರ್ ಹರಿಯುವಾಗ ಅಷ್ಟರಲ್ಲೇ 1.6 ವೋಲ್ಟ್ ಕರಗಿಹೋಗುತ್ತದೆ. ನಾನು 137ರ ಬದಲು 150 ಎಂದದ್ದಕ್ಕೂ ಕಾರಣವಿದೆ: ತನಗೆ ಸಿಗುವ ವೋಲ್ಟೇಜ್ ಇಳಿದಂತೆಲ್ಲ ಇನ್ವರ್ಟರ್ ಅಷ್ಟೇ ವ್ಯಾಟ್ ಕೊಡಲು ಹೆಚ್ಚು ಆಂಪಿಯರ್ ಎಳೆಯುತ್ತದೆ, ಹೆಚ್ಚು ಎಳೆದಂತೆಲ್ಲ ವೋಲ್ಟೇಜ್ ಇನ್ನಷ್ಟು ಇಳಿಯುತ್ತದೆ. ಕೇಬಲಿನಲ್ಲಿ ಹೀಗೆ ಬಿಸಿಯಾಗಿ ಹೋಗುವ ಶಕ್ತಿ 240 ವ್ಯಾಟ್. ಸರಿಯಾಗಿ ಒತ್ತದ ಒಂದು ಲಗ್‌ನಲ್ಲಿ ಒಂದು ಮಿಲಿಓಮ್ ರೋಧವಿದ್ದರೂ 22 ವ್ಯಾಟ್ ಬಿಸಿ ಬೆರಳ ತುದಿಯಷ್ಟು ಜಾಗದಲ್ಲಿ ಸೇರುತ್ತದೆ. ನನ್ನ ಲಗ್ ಅನ್ನು ನಾನು ಇಕ್ಕಳದಿಂದ ಒತ್ತಿದ್ದೆ.

ಹಾಗಿದ್ದರೆ ಮಲ್ಟಿಮೀಟರ್ 12.7 ವೋಲ್ಟ್ ತೋರಿಸಿದ್ದೇಕೆ? ಆಗ ಮೈಕ್ರೋವೇವ್ ಆಫ್ ಆಗಿತ್ತು. ಪ್ರವಾಹವೇ ಇಲ್ಲದಿದ್ದರೆ ಎಷ್ಟು ಸಣ್ಣ ತಂತಿಯ ತುದಿಯಲ್ಲಿಯೂ ಬ್ಯಾಟರಿಯ ಪೂರ್ಣ ವೋಲ್ಟೇಜ್ ಕಾಣುತ್ತದೆ. ಮರುದಿನ ಲಗ್ ಬದಲಿಸಿ, ಮೈಕ್ರೋವೇವ್ ನಡೆಯುತ್ತಿರುವಾಗಲೇ ಎರಡೂ ತುದಿಗಳಲ್ಲಿ ಅಳೆದೆ: ಬ್ಯಾಟರಿಯ ಬಳಿ 12.1, ಇನ್ವರ್ಟರಿನ ಬಳಿ 10.4. ಎರಡು ನಿಮಿಷದ ಈ ಅಳತೆಯನ್ನು ಮೊದಲ ದಿನವೇ ಮಾಡಿದ್ದರೆ ಎರಡು ಬ್ಯಾಟರಿ, ಒಂದು ಇನ್ವರ್ಟರಿನ ಹಣ ಉಳಿಯುತ್ತಿತ್ತು. ಫ್ಯೂಸ್ ಏಕೆ ಹಾರಲಿಲ್ಲ ಎಂದರೆ, ಹರಿಯುತ್ತಿದ್ದದ್ದು 150 ಆಂಪಿಯರ್, ಫ್ಯೂಸ್ 200ರದು. ಆ ಕೇಬಲ್ ಸಾಮಾನ್ಯವಾಗಿ 100 ಆಂಪಿಯರಿನ ಆಸುಪಾಸಿನವರೆಗೆ ಮಾತ್ರ ನಿಶ್ಚಿಂತೆಯಿಂದ ಹೊರುವಂಥದ್ದು. ಫ್ಯೂಸ್ ಇರುವುದು ಕೇಬಲನ್ನು ಕಾಪಾಡಲು, ಇನ್ವರ್ಟರನ್ನಲ್ಲ. ಅದಕ್ಕೇ ಅದು ಬ್ಯಾಟರಿಯ ಧನ ತುದಿಗೆ ಆದಷ್ಟು ಸಮೀಪದಲ್ಲಿರಬೇಕು. ನಾನು ಇಟ್ಟಿದ್ದ ಜಾಗದಲ್ಲಿ, ದಾರಿಯ ಮಧ್ಯೆ ಕೇಬಲ್ ಚೌಕಟ್ಟಿಗೆ ಉಜ್ಜಿ ಶಾರ್ಟ್ ಆಗಿದ್ದರೆ ಅದನ್ನು ತಡೆಯುವ ವಸ್ತು ಯಾವುದೂ ಇರಲಿಲ್ಲ.

ಈಗ ನನ್ನ ಇನ್ವರ್ಟರ್ ಮುಂಭಾಗದ ಸಾಮಾನಿನ ಗೂಡಿನಲ್ಲಿದೆ. ಗೋಡೆಯ ಆಚೆಗೆ ಬ್ಯಾಟರಿ, ನಡುವೆ ಒಂದು ಮೀಟರ್ ಉದ್ದದ 70 ಚದರ ಮಿಲಿಮೀಟರಿನ ಕೇಬಲ್, ಹೈಡ್ರಾಲಿಕ್ ಯಂತ್ರದಲ್ಲಿ ಒತ್ತಿಸಿದ ಲಗ್‌ಗಳು, ಬ್ಯಾಟರಿಯ ಬುಡದಲ್ಲಿ ಫ್ಯೂಸ್. ಅದೇ ಮೈಕ್ರೋವೇವ್‌ಗೆ ಕೇಬಲಿನಲ್ಲಿ ಈಗ ಕಳೆದುಹೋಗುವುದು 0.1 ವೋಲ್ಟಿಗಿಂತ ಕಡಿಮೆ. ಹಿಂಬದಿಯವರೆಗೆ ಹೋಗುವುದು ಎಸಿ ತಂತಿ. ಅದರಲ್ಲಿ 230 ವೋಲ್ಟಿನ ವ್ಯವಸ್ಥೆಯಾದರೆ 6.3 ಆಂಪಿಯರ್, 120 ವೋಲ್ಟಿನದಾದರೆ 12 ಆಂಪಿಯರ್ ಮಾತ್ರ ಹರಿಯುವುದರಿಂದ 2.5 ಚದರ ಮಿಲಿಮೀಟರಿನ ತಂತಿಯಲ್ಲೂ ಒಂದು ವೋಲ್ಟ್ ಸಹ ಕಳೆಯುವುದಿಲ್ಲ. ದೂರ ಸಾಗಬೇಕಾದದ್ದು ಎಸಿ, ಬ್ಯಾಟರಿಗೆ ಅಂಟಿಕೊಂಡಿರಬೇಕಾದದ್ದು ಡಿಸಿ, ಅಂದರೆ ಬ್ಯಾಟರಿಯ 12 ವೋಲ್ಟಿನ ಕೇಬಲ್. ನಾನು ಇದನ್ನು ತಲೆಕೆಳಗು ಮಾಡಿದ್ದೆ. ಹತ್ತಿರವಿರಬೇಕು ಎಂದು ಬ್ಯಾಟರಿಯ ಪೆಟ್ಟಿಗೆಯೊಳಗೇ ಇನ್ವರ್ಟರ್ ಇಡಬೇಡಿ. ಸೀಸ-ಆಮ್ಲ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಇನ್ವರ್ಟರಿನಲ್ಲಿ ಕಿಡಿ ಹುಟ್ಟುವ ಸಾಧ್ಯತೆಯಿದೆ.

ಆದ್ದರಿಂದ 2000 ಅಥವಾ 3000 ಎಂಬ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ನಿಮ್ಮ ಎರಡು ಬ್ಯಾಟರಿಗಳಿಗೆ 3000 ಅತಿಯಾಯಿತು. ಅವುಗಳ ಮೇಲೆ ಬರೆದಿರುವ 100 ಆಂಪಿಯರ್-ಗಂಟೆ ಎಂಬುದು 20 ಗಂಟೆಗಳ ಕಾಲ ನಿಧಾನವಾಗಿ, ತಲಾ 5 ಆಂಪಿಯರಿನಂತೆ ಎಳೆದಾಗ ಸಿಗುವ ಲೆಕ್ಕ; ನೂರಾರು ಆಂಪಿಯರ್ ಎಳೆದರೆ ಅಷ್ಟು ಸಿಗುವುದೇ ಇಲ್ಲ, ಜೊತೆಗೆ ಸೀಸ-ಆಮ್ಲ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತ ಹೋದರೆ ಅದರ ಆಯಸ್ಸು ಕುಗ್ಗುತ್ತದೆ. ದೊಡ್ಡ ಇನ್ವರ್ಟರ್ ಸುಮ್ಮನೆ ಆನ್ ಆಗಿದ್ದರೂ ವಿದ್ಯುತ್ ತಿನ್ನುತ್ತದೆ: 20 ವ್ಯಾಟ್ ಎಂದುಕೊಂಡರೂ ದಿನಕ್ಕೆ 40 ಆಂಪಿಯರ್-ಗಂಟೆ, ಅಂದರೆ ನೀವು ಬಳಸಬಹುದಾದ ಸಂಗ್ರಹದ ಐದರಲ್ಲಿ ಎರಡು ಭಾಗ. ಲ್ಯಾಪ್‌ಟಾಪ್, ಫ್ಯಾನ್, ಫೋನು ಇಷ್ಟೇ ನಿಮ್ಮ ನಿತ್ಯದ ಅಗತ್ಯವಾದರೆ ಪ್ಯೂರ್ ಸೈನ್ ವೇವ್ (ಮನೆಯ ವಿದ್ಯುತ್ತಿನಂತೆಯೇ ನಯವಾದ ಅಲೆ) ಕೊಡುವ 300 ವ್ಯಾಟಿನ ಇನ್ವರ್ಟರ್ ಹಾಕಿ, ಬಿಸಿ ಮಾಡುವ ಕೆಲಸವನ್ನು ಗ್ಯಾಸ್ ಒಲೆಗೆ ಬಿಡಿ ಎನ್ನುವುದೇ ನನ್ನ ದೃಢವಾದ ಅಭಿಪ್ರಾಯ. ಮೈಕ್ರೋವೇವ್ ಬೇಕೇ ಬೇಕು ಎಂದಾದರೆ 2000 ಧಾರಾಳವಾಗಿ ಸಾಕು.

ಇನ್ನೊಂದು ಎಚ್ಚರಿಕೆ. ಇನ್ವರ್ಟರಿನಿಂದ ಟ್ರೇಲರಿನ ಎಲ್ಲ ಪ್ಲಗ್‌ಗಳಿಗೂ ವಿದ್ಯುತ್ ಕೊಡುವುದಾದರೆ ಟ್ರಾನ್ಸ್‌ಫರ್ ಸ್ವಿಚ್ (ಒಮ್ಮೆಗೆ ಒಂದೇ ಮೂಲದ ವಿದ್ಯುತ್ತನ್ನು ಜೋಡಿಸುವ ಸ್ವಿಚ್) ಹಾಕಿಸಲೇಬೇಕು, ಇಲ್ಲವಾದರೆ ಹೊರಗಿನ ವಿದ್ಯುತ್ತೂ ಇನ್ವರ್ಟರಿನದೂ ಒಂದಕ್ಕೊಂದು ಎದುರಾಗಿ ಇನ್ವರ್ಟರ್ ಸುಡುತ್ತದೆ. ಟ್ರೇಲರಿನ ಸ್ವಂತ ಬ್ಯಾಟರಿ ಚಾರ್ಜರ್ ಇನ್ವರ್ಟರಿನ ಸಾಲಿಗೆ ಸೇರದಂತೆಯೂ ನೋಡಿಕೊಳ್ಳಿ. ಸೇರಿದರೆ ಬ್ಯಾಟರಿ ತನ್ನನ್ನು ತಾನೇ ಚಾರ್ಜ್ ಮಾಡಿಕೊಳ್ಳುವ ಸುತ್ತಿನಲ್ಲಿ ಸಿಕ್ಕಿ ಬರಿದಾಗುತ್ತದೆ. ನ್ಯೂಟ್ರಲ್ ಮತ್ತು ಅರ್ತಿಂಗ್ ಜೋಡಣೆಯನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ, ನಾನೂ ಆ ಭಾಗವನ್ನು ಅವರಿಗೇ ಬಿಟ್ಟೆ.

ಇನ್ವರ್ಟರ್ ಖರೀದಿಸುವ ಮೊದಲು ಒಂದು ದಾರ ಹಿಡಿದು, ಬ್ಯಾಟರಿಯಿಂದ ಮುಂಭಾಗದ ಗೂಡಿನವರೆಗೆ ಕೇಬಲ್ ಸಾಗುವ ಹಾದಿಯನ್ನು ತಿರುವುಗಳ ಸಮೇತ ಅಳೆಯಿರಿ. ಆ ಉದ್ದವನ್ನೂ ನೀವು ನಡೆಸಬೇಕೆಂದಿರುವ ಅತಿ ದೊಡ್ಡ ಉಪಕರಣದ ವ್ಯಾಟನ್ನೂ ಇಲ್ಲಿ ಬರೆದರೆ ಕೇಬಲಿನ ದಪ್ಪವನ್ನೂ ಫ್ಯೂಸಿನ ಅಳತೆಯನ್ನೂ ನಿಮಗೆ ಲೆಕ್ಕ ಹಾಕಿ ಕೊಡುತ್ತೇನೆ.