ಮೇ ತಿಂಗಳಲ್ಲೂ ಕರಗದ ಹಿಮ: ಸಿಯಾಟಲ್‌ಗೆ ಹೊರಟ ತಂಗಿಗೆ

ತಂಗಿ,

ನಿನ್ನ ಪ್ರಶ್ನೆಯನ್ನು ಸೋಮವಾರಪೇಟೆಯ ನಮ್ಮ ಮನೆ ಜಗಲಿಯಲ್ಲಿ ಕೂತು ಓದಿದೆ. ರಜೆಗೆ ಬಂದು ಹತ್ತು ದಿನವಾಯಿತು. ಹೋದ ವಾರ 1.2 ಇಂಚು ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಿತ್ತು. ಈಗ ಕಾಫಿ ತೋಟ ಪೂರ್ತಿ ಬೆಳ್ಳಗೆ ಅರಳಿದೆ, ಘಮ ಒಳಮನೆಯವರೆಗೂ ಬರುತ್ತಿದೆ.

"ಆಗಸ್ಟ್‌ಗೆ ಸಿಯಾಟಲ್‌ಗೆ ಹೊರಟಿದ್ದೇನೆ ಅಕ್ಕ. ಅಲ್ಲಿ ಒಬ್ಬಳೇ ಅನ್ನಿಸುತ್ತಾ? ಇಲ್ಲಿಯ ಹಾಗೆ ವಾರ ವಾರ ಬೆಟ್ಟ ಹತ್ತಬಹುದಾ? ಮಾರ್ಚ್‌ಗೇ ವಸಂತ ಶುರು ಅಂತಾರಲ್ಲ, ಆಗಿನಿಂದಲೇ ಹೋಗಬಹುದಾ?" ಅಂತ ಕೇಳಿದ್ದೀಯ.

ಮನೆ, ಬ್ಯಾಂಕು, ಡ್ರೈವಿಂಗ್ ಲೈಸೆನ್ಸು ಎಲ್ಲ ಎರಡು ಮೂರು ತಿಂಗಳಲ್ಲಿ ಒಂದು ಹದಕ್ಕೆ ಬರುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ. ಮಳೆಗೂ ಹೆದರಬೇಡ. ಸಿಯಾಟಲ್ ಅಂದರೆ ಮಳೆ ಊರು ಅಂತ ಎಲ್ಲರೂ ಹೇಳುತ್ತಾರೆ, ಆದರೆ ವರ್ಷಕ್ಕೆ 40 ಇಂಚೂ ಬೀಳುವುದಿಲ್ಲ. ಮಡಿಕೇರಿಯಲ್ಲಿ 100 ಇಂಚು ದಾಟುವುದನ್ನು ನೋಡಿ ಬೆಳೆದವರು ನಾವು. ಅಲ್ಲಿಯದು ಜಿನುಗು ಮಳೆ, ಚಳಿಗಾಲ ಪೂರ್ತಿ ಜಿನುಗುತ್ತಲೇ ಇರುತ್ತದೆ, ಅಷ್ಟೇ. ಬೆಟ್ಟದ ವಿಷಯ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು.

ನಾನು ಹೋದ ಮೊದಲ ವರ್ಷ, 2010ರ ಮೇ ತಿಂಗಳು. ಕನ್ನಡ ಸಂಘದ ಯುಗಾದಿ ಊಟದಲ್ಲಿ ಶಿವಮೊಗ್ಗದ ಗಂಡ ಹೆಂಡತಿ ಪರಿಚಯವಾಗಿದ್ದರು. ಅವರಿಬ್ಬರು, ನಾವಿಬ್ಬರು ಸೇರಿ ಸ್ನೋ ಲೇಕ್ ಅನ್ನುವ ಕೆರೆಗೆ ಹೊರಟೆವು. ಊರಿಂದ ಪೂರ್ವಕ್ಕೆ ಕಾರಿನಲ್ಲಿ ಒಂದು ಗಂಟೆ, ಸ್ನೋಕ್ವಾಲ್ಮಿ ಪಾಸ್ ಅನ್ನುವ ಬೆಟ್ಟದ ದಾರಿಯ ಹತ್ತಿರ. ಹೋಗಿ ಬರಲು ಸುಮಾರು 11 ಕಿಲೋಮೀಟರ್ ನಡಿಗೆ. ಮಾರ್ಚ್ ಕೊನೆಗೇ ಯೂನಿವರ್ಸಿಟಿ ಅಂಗಳದಲ್ಲಿ ಚೆರ್ರಿ ಮರಗಳು ಹೂ ಬಿಟ್ಟು ಉದುರಿಸಿದ್ದವು. ಮೇನಲ್ಲಿ ಪೇಟೆಯ ಜನ ಅರ್ಧ ತೋಳಿನ ಅಂಗಿಯಲ್ಲಿ ಓಡಾಡುತ್ತಿದ್ದರು. ಆ ಕೆರೆ ಇರುವುದು 1,224 ಮೀಟರ್ ಎತ್ತರದಲ್ಲಿ. ನಮ್ಮ ಮಡಿಕೇರಿಯೇ ಸುಮಾರು 1,150 ಮೀಟರ್ ಅಲ್ವಾ? ಹೆಗ್ಗಡೆಮನೆ ಕಡೆಯಿಂದ ಎಷ್ಟೋ ಸಲ 1,712 ಮೀಟರಿನ ಪುಷ್ಪಗಿರಿ ಹತ್ತಿದವಳು ನಾನು. ಇದು ಬೆಳಗಿನ ವಾಕಿಂಗ್‌ನ ಹಾಗೆ ಮುಗಿಯುತ್ತದೆ ಅಂತ ಜೀನ್ಸು, ಓಡುವ ಶೂ ಹಾಕಿಕೊಂಡು ಹೋದೆ.

ಮೊದಲ ಅರ್ಧ ಗಂಟೆ ಕಾಡು, ಕಲ್ಲು, ಕೆಸರು. ಆಮೇಲೆ ಮರದ ನೆರಳಿನಲ್ಲಿ ಅಲ್ಲಲ್ಲಿ ಕೊಳಕು ಬಿಳಿ ತೇಪೆ. ಇನ್ನೊಂದು ತಿರುವು ಕಳೆದರೆ ದಾರಿಯೇ ಇಲ್ಲ. ಎಲ್ಲ ಕಡೆ ಹಿಮ, ಮೇಲೆ ಉದುರಿದ ಸೂಜಿ ಎಲೆ, ಯಾರದೋ ಹಳೆಯ ಹೆಜ್ಜೆಗುರುತು. ಮೇ ತಿಂಗಳ ಹಿಮ ಹತ್ತಿಯ ಹಾಗಿರುವುದಿಲ್ಲ ತಂಗಿ. ಕೈಗೆ ತೆಗೆದುಕೊಂಡರೆ ಕಲ್ಲುಪ್ಪಿನ ಹಾಗೆ ಹರಳು ಹರಳು. ಮೇಲಿನ ಪದರ ಗಟ್ಟಿ ಅನ್ನಿಸುತ್ತದೆ, ನಾಲ್ಕು ಹೆಜ್ಜೆ ತಡೆದುಕೊಳ್ಳುತ್ತದೆ. ಐದನೆಯದಕ್ಕೆ ನನ್ನ ಕಾಲು ತೊಡೆಯವರೆಗೆ ಒಳಗೆ ಹೋಯಿತು. ಎಳೆದರೆ ಶೂ ಬರುತ್ತಿಲ್ಲ. ಮಂಡಿಯೂರಿ ಕೈಯಲ್ಲಿ ಅಗೆಯುತ್ತಿದ್ದಾಗ ಆ ಗುಂಡಿಯೊಳಗಿಂದ ನೀರು ಹರಿಯುವ ಸದ್ದು ಕೇಳಿಸಿತು. ನೀರು ಕಾಣುತ್ತಿರಲಿಲ್ಲ. ಅಡಿಯಲ್ಲಿ ತೊರೆ ಕೊರೆದುಕೊಂಡು ಹೋಗುತ್ತಿತ್ತು, ನಾವು ಅದರ ಚಾವಣಿಯ ಮೇಲೆ ನಿಂತಿದ್ದೆವು.

ಅಷ್ಟರಲ್ಲಿ ಮೇಲಿಂದ ಒಬ್ಬರು ಇಳಿದು ಬಂದರು. ಅರವತ್ತು ದಾಟಿದ ಹೆಂಗಸು. ಬೂಟಿಗೆ ಕಬ್ಬಿಣದ ಮುಳ್ಳಿನ ಸರಪಳಿ, ಕೈಯಲ್ಲಿ ಹಿಮಕೊಡಲಿ. ಮೊದಲು ನನ್ನ ಕಾಲು ನೋಡಿದರು, ಆಮೇಲೆ ಮುಖ. ಮುಂದಿನ ಇಳಿಜಾರನ್ನು ಅಡ್ಡ ದಾಟಬೇಕು, ಅಲ್ಲಿ ಜಾರಿದರೆ ಕೆಳಗಿನ ಬಂಡೆಗಳವರೆಗೆ ನಿಲ್ಲುವುದಿಲ್ಲ, ಬಿಸಿಲು ಏರಿದ ಹಾಗೆ ಮೇಲಿನ ಹಿಮ ಸಡಿಲವಾಗುತ್ತದೆ, ತಾನೂ ಕೆರೆ ನೋಡದೆ ವಾಪಸ್ ಬಂದೆ ಅಂದರು. ನಾವೂ ತಿರುಗಿದೆವು. ಕೆರೆ ಕಾಣುವ ದಿಣ್ಣೆಗೆ ಇನ್ನು ಒಂದು ಕಿಲೋಮೀಟರ್ ಇತ್ತು. ಒದ್ದೆ ಜೀನ್ಸು ಕಾಲಿಗೆ ಅಂಟಿ ಮರಗಟ್ಟಿದ ಹಾಗಾಗಿತ್ತು. ಕಾರಿನಲ್ಲಿ ಹೀಟರ್ ಹಾಕಿಕೊಂಡು, ತಂದಿದ್ದ ಅಕ್ಕಿರೊಟ್ಟಿ ಹುಚ್ಚೆಳ್ಳು ಚಟ್ನಿ ನಾಲ್ಕೂ ಜನ ಮಾತಿಲ್ಲದೆ ತಿಂದೆವು.

ಆವತ್ತು ರಾತ್ರಿ ನನಗೆ ನೆನಪಾದದ್ದು ಅಪ್ಪ. ಜುಲೈನಲ್ಲಿ ಹೊಳೆ ದಾಟಬಹುದಾ ಇಲ್ಲವಾ ಅಂತ ಅವರು ನೀರಿನ ಬಣ್ಣ ನೋಡಿ ಹೇಳುತ್ತಿದ್ದರು. ಕೆಂಪಗೆ ತಿರುಗಿ ಕಸಕಡ್ಡಿ ತೇಲಿ ಬಂದರೆ ಆವತ್ತು ಸ್ಕೂಲಿಲ್ಲ. ಯಾವ ಗುಡ್ಡದ ಬದಿ ಜಾರುತ್ತದೆ, ಎಲ್ಲಿ ಕಾಲಿಟ್ಟರೆ ಹುಗಿಯುತ್ತದೆ ಅನ್ನುವುದನ್ನು ನಾವು ಯಾರೂ ಪಾಠದಲ್ಲಿ ಕಲಿತದ್ದಲ್ಲ. ಮಳೆಗೆ ನಮಗೆ ಕಣ್ಣಿದೆ. ಹಿಮಕ್ಕೆ ಇಲ್ಲ. ಆ ಕಣ್ಣು ಬರುವವರೆಗೆ ಅಲ್ಲಿಯವರ ಕಣ್ಣನ್ನು ಕೇಳಿ ಪಡೆಯಬೇಕು. ನಾನು ನಿನಗೆ ಹೇಳಬೇಕಾದದ್ದು ಮುಖ್ಯವಾಗಿ ಇದೇ.

ಮೇನಲ್ಲೂ ಅಲ್ಲಿ ಅಷ್ಟು ಹಿಮ ಇರುವ ಕಾರಣವೂ ನಮಗೆ ಗೊತ್ತಿರುವಂಥದ್ದೇ. ಅರಬ್ಬೀ ಸಮುದ್ರದ ಗಾಳಿ ನಮ್ಮ ಘಟ್ಟಕ್ಕೆ ಬಡಿದು ಮಳೆ ಸುರಿಸುತ್ತದಲ್ಲ, ಅಲ್ಲಿ ಪೆಸಿಫಿಕ್ ಗಾಳಿ ಕ್ಯಾಸ್ಕೇಡ್ ಬೆಟ್ಟಸಾಲಿಗೆ ಬಡಿಯುತ್ತದೆ. ನಾವಿರುವುದು 12 ಡಿಗ್ರಿ ಅಕ್ಷಾಂಶದಲ್ಲಿ, ಅದು 47ರಲ್ಲಿ. ಅದಕ್ಕೇ ಚಳಿಗಾಲದಲ್ಲಿ ಮೇಲೆ ಬೀಳುವುದು ಹೆಚ್ಚಾಗಿ ಹಿಮ. ಮೌಂಟ್ ರೈನಿಯರ್ ಬೆಟ್ಟದ ಮೇಲೆ ಪ್ಯಾರಡೈಸ್ ಅನ್ನುವ ಜಾಗವಿದೆ. ಎತ್ತರ ನಮ್ಮ ಕೊಡಗಿನ ತಡಿಯಂಡಮೋಳ್ ಬೆಟ್ಟಕ್ಕಿಂತ ಸುಮಾರು 100 ಮೀಟರ್ ಕಡಿಮೆ. ವರ್ಷಕ್ಕೆ ಸರಾಸರಿ 640 ಇಂಚು ಹಿಮ ಬೀಳುತ್ತದೆ. ಅದು ಪೂರ್ತಿ ಕರಗುವಾಗ ಜುಲೈ ಅರ್ಧ ಕಳೆದಿರುತ್ತದೆ. ಮೀಟರ್ ಲೆಕ್ಕ ಇಲ್ಲಿಯದು ಅಲ್ಲಿಗೆ ಆಗುವುದಿಲ್ಲ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ್ದು ನಿನಗೂ ಗೊತ್ತು. ನೀರು ಕುಡಿದ ಮಣ್ಣು ಭಾರವಾಗಿ ಹಿಡಿತ ಬಿಟ್ಟಿತು. ಬಿಸಿಲಿಗೆ ಒದ್ದೆಯಾದ ಹಿಮವೂ ಹಾಗೇ ಹಿಡಿತ ಬಿಡುತ್ತದೆ. ಹಾಗಾಗಿ ಬೋಳು ಇಳಿಜಾರು, ಮರಗಳೆಲ್ಲ ಒಂದೇ ಕಡೆಗೆ ಬಗ್ಗಿರುವ ಜಾಗ ಕಂಡರೆ ಅದರ ಅಡಿಯಲ್ಲಿ ಊಟಕ್ಕೆ ಕೂರಬೇಡ.

ಹೊರಡುವ ಹಿಂದಿನ ರಾತ್ರಿ ವಾಷಿಂಗ್ಟನ್ ಟ್ರೇಲ್ಸ್ ಅಸೋಸಿಯೇಷನ್ ವೆಬ್‌ಸೈಟ್ ನೋಡು. ಎರಡು ಮೂರು ದಿನದ ಹಿಂದೆ ಹೋದವರು ಹಿಮ ಎಲ್ಲಿಂದ ಶುರು ಅಂತ ಫೋಟೋ ಸಮೇತ ಬರೆದಿರುತ್ತಾರೆ. ವಸಂತದಲ್ಲಿ ರ‍್ಯಾಟಲ್‌ಸ್ನೇಕ್ ಲೆಡ್ಜ್ ಥರದ ತಗ್ಗಿನ ಬೆಟ್ಟಕ್ಕೆ ಹೋಗು. ಕಾಟನ್ ಬಟ್ಟೆ ಬೇಡ, ಒದ್ದೆಯಾದರೆ ಮೈಯ ಬಿಸಿಯನ್ನೆಲ್ಲ ಹೀರುತ್ತದೆ. ತಂಪು ಕನ್ನಡಕ ಇರಲೇಬೇಕು, ಹಿಮದ ಮೇಲಿನ ಬಿಸಿಲು ಕಣ್ಣು ಸುಡುತ್ತದೆ. ಬೆಟ್ಟದಲ್ಲಿ ಜಾಸ್ತಿ ಕಡೆ ಫೋನ್ ಸಿಗುವುದಿಲ್ಲ. ಎಲ್ಲಿಗೆ ಹೋಗುತ್ತೀಯ, ಎಷ್ಟು ಹೊತ್ತಿಗೆ ಬರುತ್ತೀಯ ಅಂತ ಯಾರಿಗಾದರೂ ಹೇಳಿಯೇ ಹೋಗು. ಎದುರು ಬಂದವರನ್ನು ಮೇಲೆ ಹೇಗಿದೆ ಅಂತ ಕೇಳು. ಬೆಟ್ಟದಲ್ಲಿ ಎಲ್ಲರೂ ನಿಂತು ಹೇಳುತ್ತಾರೆ, ಸಂಕೋಚ ಬೇಡ.

ಒಬ್ಬಳೇ ಅನ್ನಿಸುತ್ತಾ ಅಂದೆಯಲ್ಲ. ಮೊದಲ ಚಳಿಗಾಲ ಅನ್ನಿಸುತ್ತದೆ, ಸುಳ್ಳು ಹೇಳುವುದಿಲ್ಲ. ನಾಲ್ಕೂವರೆಗೆ ಕತ್ತಲಾದಾಗ ನಾನು ಎಷ್ಟೋ ದಿನ ಅಮ್ಮನಿಗೆ ಫೋನ್ ಮಾಡಿ ಸುಮ್ನೆ ಕೂತಿದ್ದೇನೆ. ಆದರೆ ಆವತ್ತು ಕಾರಿನಲ್ಲಿ ರೊಟ್ಟಿ ತಿಂದ ಶಿವಮೊಗ್ಗದವರು ಇವತ್ತಿಗೂ ನಮ್ಮ ಮನೆಯವರೇ. ನನ್ನ ಮಗಳು ಹುಟ್ಟಿದಾಗ ನನ್ನ ಬಾಣಂತನ ಮಾಡಿದ್ದು ಅವರೇ. ಆ ಕೆರೆಯನ್ನೂ ನಾಲ್ಕು ಜನ ಒಟ್ಟಿಗೇ ನೋಡಿದೆವು, ಮುಂದಿನ ವರ್ಷ ಆಗಸ್ಟ್‌ನಲ್ಲಿ.

ನೀನು ಬರುವುದೂ ಆಗಸ್ಟ್‌ನಲ್ಲೇ ಅಲ್ವಾ? ಆಗ ದಾರಿ ತೆರೆದಿರುತ್ತದೆ. ಬಂದ ಎರಡನೇ ಶನಿವಾರ ಬಿಡುವು ಇಟ್ಟುಕೋ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಬೂಟು ಅಲ್ಲೇ ಕಾಲಿಗೆ ಹಾಕಿ ನೋಡಿ ತೆಗೆದುಕೊಳ್ಳೋಣ. ಇಲ್ಲಿಂದ ಹುಚ್ಚೆಳ್ಳು ಚಟ್ನಿಪುಡಿ ಮಾತ್ರ ಒಂದು ಕೇಜಿ ಹಿಡಿದುಕೊಂಡು ಬಾ.